ಸೈಕಲ್ಲಿನ ಸೊಡರು

ಹಳೆಯ ಮಾದರಿಯ ಕರಿಯ ಸೈಕಲ್ಲಿನ ಹಿಂದಿನ ಮಡ್‌ಗಾರ್ಡನ್ನು ಗಮನಿಸಿ ನೋಡಿದವರಿಗೆ, ಅದರ ಕೆಳತುದಿಯಲ್ಲಿ ಅಂಗೈಯಗಲ ಬಳಿದ ಬಿಳಿಯ ಬಣ್ಣ ಕಂಡಿರುತ್ತದೆ. ಸೈಕಲ್ಲೆಲ್ಲ ಕಪ್ಪು, ಅಲ್ಲಿ ಮಾತ್ರ ಬಿಳುಪು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ತನ್ನ ಅಜ್ಜನ ಸೈಕಲ್ಲನ್ನು ಮುಂದೆ ನಿಲ್ಲಿಸಿಕೊಂಡು, "ಇಲ್ಲೊಂದ ಕಡೆ ಯಾಕ್ರೀ ಸರ ಬಿಳೇ ಬಣ್ಣ ಹಚ್ಚ್ಯಾರ?" ಎಂದು ಕೇಳಿದನು. ಅಂದಕ್ಕಾಗಿ ಇರಬೇಕಪ್ಪ ಎಂದು ಹೇಳಿ ನಾನು ಪಾರಾದೆ. ಆದರೆ ಆ ಉತ್ತರ ನನಗೇ ಸರಿಬೀಳಲಿಲ್ಲ. ಅಂದಕ್ಕಾಗಿ ಬಣ್ಣ ಹಚ್ಚುವವನು, ಮೊದಲು ಕೆಸರು ಸಿಡಿಯುವ ಜಾಗವನ್ನೇ ಹುಡುಕಿ ಅಲ್ಲಿಗೆ ಬಿಳುಪನ್ನು ಏಕೆ ಬಳಿದಾನು? ಆ ಅಂಗೈಯಗಲದ ಬಿಳುಪಿನ ಹಿಂದೆ ಅರ್ಧ ಶತಮಾನಕ್ಕೂ ಮಿಕ್ಕು ನಡೆದ ಒಂದು ವಾದವಿದೆಯೆಂಬುದು ಆಮೇಲೆ ತಿಳಿಯಿತು. ಅದನ್ನು ಹೇಳುವ ಮೊದಲು ನಮ್ಮ ಕಡೆಯ ಕತ್ತಲೆಯ ಮಾತನ್ನು ಸ್ವಲ್ಪ ಆಡಬೇಕು.

ದೀಪಕ್ಕೆ ನಮ್ಮ ನಾಡಿನಲ್ಲಿ ಎಂದೂ ಕೊರತೆಯಿರಲಿಲ್ಲ. ಹಾನಗಲ್ಲನ್ನು ಕದಂಬರು ಆಳಿದ ಕಾಲದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ದೇವರ ಸೊಡರಿಗೆಂದು ಎಣ್ಣೆಯನ್ನೂ ಗಾಣದ ಆಯವನ್ನೂ ಬಿಟ್ಟುಕೊಟ್ಟ ದತ್ತಿಗಳನ್ನು ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ನಂದಾದೀವಿಗೆ ಎಂಬ ಸೊಗಸಾದ ಮಾತು ನಮಗೆ ಉಳಿದು ಬಂದದ್ದು ಹಾಗೆ. ಆದರೆ ಆ ಸೊಡರುಗಳೆಲ್ಲ ಗುಡಿಯ ಒಳಗೆ ಉರಿದವು. ದಾರಿಯ ಮೇಲೆ ನಡೆಯುವವನಿಗೆ ತಿಂಗಳ ಬೆಳಕೇ ಗತಿ. ಸಿರಿವಂತನ ಪಲ್ಲಕ್ಕಿಯ ಮುಂದೆ ದೀವಟಿಗೆಯವರು ಓಡುತ್ತಿದ್ದರು. ರೈತನ ಚಕ್ಕಡಿಯ ಅಚ್ಚಿಗೆ, ಸೀಮೆಎಣ್ಣೆ ಬಂದ ಮೇಲೆ, ಒಂದು ಕಂದೀಲು ತೂಗಿತು. ಆ ಕಂದೀಲಿನ ಬೆಳಕು ಹೆಚ್ಚೆಂದರೆ ಎತ್ತಿನ ಹಿಂಗಾಲಿನ ತನಕ. ಅದನ್ನು ನೆಚ್ಚಿ ಯಾರೂ ಗಾಡಿ ಹೊಡೆಯಲಿಲ್ಲ. ಎತ್ತಿಗೆ ದಾರಿ ಗೊತ್ತು, ಗಾಡಿಯವನಿಗೆ ನಿದ್ದೆ ಗೊತ್ತು ಎಂಬಂತೆ ರಾತ್ರಿಯ ಪಯಣ ಸಾಗುತ್ತಿತ್ತು.

ಪುಣೆ-ಬೆಂಗಳೂರು ದಾರಿಯ ಮೇಲೆ ಶಿಗ್ಗಾಂವಿ, ಬಂಕಾಪುರಗಳನ್ನು ಹಾದು ಮೋಟಾರುಗಳು ಓಡಾಡತೊಡಗಿದ ಮೇಲೆ ಈ ನೆಮ್ಮದಿ ಕೆಟ್ಟಿತು. ಹಳೆಯ ಬಸ್ ಡ್ರೈವರರೊಬ್ಬರು ನನಗೆ ಒಂದು ಮಾತು ಹೇಳಿದ್ದರು. ರಾತ್ರಿ ಎದುರಿನಿಂದ ಚಕ್ಕಡಿ ಬಂದರೆ ಮೊದಲು ಕಾಣುವುದು ಗಾಡಿಯಲ್ಲ, ಕಂದೀಲೂ ಅಲ್ಲ; ಎತ್ತುಗಳ ಕಣ್ಣು. ನಾಲ್ಕು ಕೆಂಡಗಳು ಕತ್ತಲೆಯಲ್ಲಿ ತೇಲಿ ಬಂದಂತೆ ಕಾಣುತ್ತವೆಯಂತೆ. "ಹಿಂದಿಂದ ಹ್ವಾದ್ರ ಮಾತ್ರ ಚಕ್ಕಡಿಗೆ ಕಣ್ಣಿಲ್ರಿ" ಎಂದರು. ದನದ ಕಣ್ಣಿನ ಒಳಗೋಡೆಯಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪೊರೆಯುಂಟು, ಬೆಕ್ಕಿಗೂ ಉಂಟು, ಮನುಷ್ಯನಿಗಿಲ್ಲ. ಆದ್ದರಿಂದ ಸೈಕಲ್ ಸವಾರನು ಮುಂದಿನಿಂದಲೂ ಕುರುಡು, ಹಿಂದಿನಿಂದಲೂ ಕುರುಡು. ಅವನಿಗೆ ಕಣ್ಣನ್ನು ಹೊರಗಿನಿಂದ ತಂದು ಕಟ್ಟಬೇಕಾಯಿತು.

ಸೈಕಲ್ಲು ನಮ್ಮ ಈ ನಾಲ್ಕು ತಾಲ್ಲೂಕುಗಳಿಗೆ ಅಗತ್ಯದಿಂದ ಬಂದ ವಾಹನ. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲು ಹಾವೇರಿ, ಬ್ಯಾಡಗಿ, ರಾಣಿಬೆನ್ನೂರುಗಳ ಮೇಲೆ ಹಾಯ್ದುಹೋಯಿತು. ಹಾನಗಲ್ಲೂ ಹಿರೇಕೆರೂರೂ ಪಡುವಲಕ್ಕೆ ಉಳಿದವು. ಅಂಚೆಯವನು, ಸಾಲೆಯ ಮಾಸ್ತರ, ಡಾಕ್ಟರ, ಕಂದಾಯದ ಕಾರಕೂನ, ಹೀಗೆ ಸರಕಾರಿ ಕಾಗದವನ್ನೋ ಔಷಧದ ಪೆಟ್ಟಿಗೆಯನ್ನೋ ಹೊತ್ತು ತಿರುಗುವವರು ಮೊದಲು ಸೈಕಲ್ಲನ್ನು ಏರಿದರು. ಸವಣೂರು ಆಗ ನವಾಬರ ಪುಟ್ಟ ಸಂಸ್ಥಾನ. ಸುತ್ತಲೂ ಬ್ರಿಟಿಷರ ಧಾರವಾಡ ಜಿಲ್ಲೆ. ಬಂಕಾಪುರದ ಕಡೆಯಿಂದ ಸವಣೂರಿಗೆ ಸೈಕಲ್ ತುಳಿಯುವವನು ಒಂದು ಸರಕಾರದ ಕಾಯದೆಯಿಂದ ಹೊರಟು ಇನ್ನೊಂದು ಸರಕಾರದ ಕಾಯದೆಯೊಳಗೆ ಇಳಿಯುತ್ತಿದ್ದನು. ೧೯೪೮ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತಕ್ಕೆ ಸೇರುವವರೆಗೂ ಹೀಗೇ ಇತ್ತು. ಕತ್ತಲೆ ಮಾತ್ರ ಎರಡೂ ಕಡೆಗೆ ಒಂದೇ.

ಸೈಕಲ್ಲಿಗೆ ದೀಪವಿರಲೇಬೇಕೆಂಬ ಕಾಯದೆಯ ಬೇರು ಇಂಗ್ಲೆಂಡಿನದು. ೧೮೮೮ರ ಅಲ್ಲಿಯ ಸ್ಥಳೀಯ ಸರಕಾರದ ಕಾಯದೆ ಸೈಕಲ್ಲನ್ನು ಮೊದಲ ಸಲ ಗಾಡಿಯೆಂದು ಒಪ್ಪಿಕೊಂಡಿತು. ಒಪ್ಪಿಕೊಂಡು ಅದಕ್ಕೆ ಹೊಣೆಯನ್ನೂ ಹೊರಿಸಿತು. ಸೂರ್ಯ ಮುಳುಗಿ ಒಂದು ತಾಸಾದ ಮೇಲಿನಿಂದ, ಸೂರ್ಯ ಹುಟ್ಟಲು ಒಂದು ತಾಸು ಇರುವವರೆಗೆ, ಸವಾರನು ಮುಂದೆ ಹೊತ್ತಿಸಿದ ದೀಪವನ್ನು ಇಟ್ಟುಕೊಂಡಿರಬೇಕು. ಏತಕ್ಕೆ? ದಾರಿ ಕಾಣಲೆಂದು ಅಲ್ಲ. ಗಾಡಿಯೊಂದು ಬರುತ್ತಿದೆ, ಇಲ್ಲಿ ಇದೆ ಎಂಬುದು ಇತರರಿಗೆ ಗೊತ್ತಾಗಲೆಂದು. ನಾವು ಸೈಕಲ್ಲಿನ ದೀಪವನ್ನು ನಮ್ಮ ಕಣ್ಣಿನ ಸಹಾಯಕ್ಕೆ ಇರುವ ವಸ್ತುವೆಂದು ತಿಳಿಯುತ್ತೇವೆ. ಕಾಯದೆಯ ದೃಷ್ಟಿ ಮೊದಲಿನಿಂದಲೂ ಬೇರೆ: ದೀಪ ಪರರ ಕಣ್ಣಿಗಾಗಿ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟರೆ ಮುಂದಿನ ಕಥೆ ಸುಲಭವಾಗುತ್ತದೆ.

ನಮ್ಮಲ್ಲಿಯೂ ಆ ಬೇರೇ ಚಿಗುರಿತು. ೧೯೫೧ರ ಮುಂಬಯಿ ಪೋಲೀಸ್ ಕಾಯದೆಯಲ್ಲಿ, ಆಮೇಲೆ ನಮ್ಮ ರಾಜ್ಯದ ೧೯೬೩ರ ಪೋಲೀಸ್ ಕಾಯದೆಯಲ್ಲಿ, ವಾಹನಗಳಿಗೆ ದೀಪಗಳೆಷ್ಟು, ಅವು ಎಲ್ಲಿರಬೇಕು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಉರಿಯಬೇಕು ಎಂಬುದನ್ನು ಗೊತ್ತುಪಡಿಸುವ ಅಧಿಕಾರವನ್ನು ಕೊಟ್ಟಿದೆ. ಕಾಯದೆಯ ಪುಸ್ತಕದಲ್ಲಿ ಒಂದು ಸಾಲು; ಆದರೆ ಆ ಒಂದು ಸಾಲಿಗಾಗಿ ಎಷ್ಟು ಜನ ಎಷ್ಟು ಬಗೆಯ ದೀಪಗಳನ್ನು ಹೊತ್ತು ತಿರುಗಿದರು!

ಮೊದಲಿನದು ಎಣ್ಣೆಯ ದೀಪ. ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಎಂಬವನು ೧೮೮೦ರ ಸುಮಾರಿಗೆ ಎತ್ತರದ ಗಾಲಿಯ ಸೈಕಲ್ಲುಗಳಿಗಾಗಿ, ಮುಂದಿನ ಗಾಲಿಯ ಅಚ್ಚಿನಿಂದ ತೂಗುವ ಒಂದು ದೀಪವನ್ನು ಮಾಡಿ 'ರಸ್ತೆಯ ರಾಜ' ಎಂಬ ಹೆಸರಿನಲ್ಲಿ ಮಾರಿದನು. ಹೆಸರು ದೊಡ್ಡದು, ಬೆಳಕು ಸಣ್ಣದು. ಚಕ್ಕಡಿಯ ಅಚ್ಚಿನ ಕಂದೀಲಿಗೂ ಅದಕ್ಕೂ ತತ್ತ್ವದಲ್ಲಿ ಭೇದವೇನೂ ಇರಲಿಲ್ಲ. ತಗ್ಗಿಗೆ ಗಾಲಿ ಬಿದ್ದರೆ ಆರಿತು, ಗಾಳಿ ಬಂದರೆ ಹೊಗೆಯಾಡಿತು.

ಎರಡನೆಯದು ಕಾರ್ಬೈಡಿನ ದೀಪ. ಈಗಿನವರು ಕಾರ್ಬೈಡ್ ಎಂದರೆ ಮಾವಿನ ಹಣ್ಣನ್ನು ಕಳ್ಳತನದಿಂದ ಹಣ್ಣುಮಾಡುವ ಪುಡಿಯೆಂದು ಬಲ್ಲರು. ಅದಕ್ಕೂ ಒಂದು ಮರ್ಯಾದೆಯ ಕಾಲವಿತ್ತು. ೧೮೯೨ರಲ್ಲಿ ಅಮೆರಿಕೆಯಲ್ಲಿ ಥಾಮಸ್ ವಿಲ್ಸನ್ ಎಂಬವನು ವಿದ್ಯುತ್ ಕುಲುಮೆಯಲ್ಲಿ ಸುಣ್ಣವನ್ನೂ ಇದ್ದಿಲನ್ನೂ ಕಾಯಿಸಿ ಕಾರ್ಬೈಡನ್ನು ಹೇರಳವಾಗಿ ಮಾಡುವ ಬಗೆಯನ್ನು ಕಂಡುಕೊಂಡ ಮೇಲೆ, ಹತ್ತು ವರ್ಷಗಳೊಳಗಾಗಿ ಅದು ಸೈಕಲ್ಲಿನ ದೀಪದೊಳಗೆ ಬಂದು ಕುಳಿತಿತು. ಹಿತ್ತಾಳೆಯ ದೀಪದ ಕೆಳಮನೆಯಲ್ಲಿ ಕಾರ್ಬೈಡಿನ ಗಟ್ಟಿಗಳು, ಮೇಲ್ಮನೆಯಲ್ಲಿ ನೀರು, ನಡುವೆ ಒಂದು ತಿರುಪು. ತಿರುಪನ್ನು ಸಡಿಲಿಸಿದರೆ ಹನಿಹನಿಯಾಗಿ ನೀರು ಇಳಿದು, ಅಸಿಟಿಲೀನ್ ಅನಿಲ ಎದ್ದು, ಮೂತಿಯಲ್ಲಿ ಬಿಳಿಯ ಜ್ವಾಲೆ ನಿಲ್ಲುತ್ತಿತ್ತು. ಅದರ ನಾತ ಬೆಳ್ಳುಳ್ಳಿಯ ನಾತದಂತೆ. ಹನಿ ಹೆಚ್ಚಾದರೆ ಜ್ವಾಲೆ ಬುಸುಗುಟ್ಟಿತು, ಕಡಿಮೆಯಾದರೆ ನಂದಿತು. ಮರುದಿನ ಬೆಳಿಗ್ಗೆ ಒಳಗೆ ಉಳಿದ ಸುಣ್ಣದ ಕೆಸರನ್ನು ಕೆರೆದು ತೊಳೆಯಬೇಕು. ಇಷ್ಟು ಉಪಚಾರ ಬೇಡುವ ದೀಪವನ್ನು ಸಾಕುವುದು ಆಕಳನ್ನು ಸಾಕಿದಂತೆಯೇ. ಆದರೂ ಬೆಳಕಿನ ಮಟ್ಟಿಗೆ ಎಣ್ಣೆಯ ದೀಪ ಅದರ ಮುಂದೆ ಮಿಣುಕುಹುಳ.

ಮೂರನೆಯದಾದ ಡೈನಮೋವನ್ನು ನನ್ನ ವಯಸ್ಸಿನವರು ಬಲ್ಲರು. ಜರ್ಮನಿಯ ಬಾಷ್ ಕಂಪನಿ ೧೯೨೩ರಲ್ಲಿ ಸೈಕಲ್ಲಿನ ವಿದ್ಯುದ್ದೀಪವನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿ ೧೯೩೬ರಲ್ಲಿ ಅದನ್ನು ಗಾಲಿಯ ಗುಂಬದೊಳಗೇ ಅಡಗಿಸಿತು. ನಮ್ಮಲ್ಲಿ ನಡೆದದ್ದು ಶೀಸೆಯಾಕಾರದ, ಟಯರಿಗೆ ತಲೆಯೊತ್ತಿ ತಿರುಗುವ ಡೈನಮೋ. ಆರು ವೋಲ್ಟು, ಮೂರು ವ್ಯಾಟು; ಅದರಲ್ಲಿ ಮುಂದಿನ ದೀಪಕ್ಕೆ ೨.೪, ಹಿಂದಿನ ಕೆಂಪು ದೀಪಕ್ಕೆ ೦.೬. ನಮ್ಮ ತಂದೆಯವರ ಸೈಕಲ್ಲಿಗೆ ಅದು ಇತ್ತು. ದಿಬ್ಬ ಏರುವಾಗ ದೀಪ ಕೆಂಪಗಾಗಿ ಸೊರಗುವುದು, ಇಳಿಯುವಾಗ ಉಕ್ಕುವುದು, ಒಮ್ಮೊಮ್ಮೆ ಆ ಉಕ್ಕಿನಲ್ಲಿಯೇ ಬಲ್ಬು ಸುಟ್ಟುಹೋಗುವುದು. ಹಾನಗಲ್ಲ ಕಡೆ ಮಲೆನಾಡಿನ ಮಳೆ. ಟಯರು ನೆನೆದರೆ ಡೈನಮೋದ ತಲೆ ಜಾರಿ, ಎಷ್ಟು ತುಳಿದರೂ ಬೆಳಕಿಲ್ಲ. ಸವಣೂರಿನ ಎರೆಹೊಲದ ದಾರಿಯಲ್ಲಿ ಮಣ್ಣು ಟಯರಿಗೆ ಮೆತ್ತಿ ಅದೇ ಗತಿ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಸೈಕಲ್ಲು ನಿಂತರೆ ದೀಪವೂ ನಿಲ್ಲುತ್ತಿತ್ತು. ಚೈನು ಬಿದ್ದಿತೆಂದು ಕತ್ತಲೆಯ ನಡುರಸ್ತೆಯಲ್ಲಿ ಬಗ್ಗಿದವನಿಗೆ, ಬೆಳಕು ಬೇಕಾದ ಕ್ಷಣದಲ್ಲಿಯೇ ಬೆಳಕಿಲ್ಲ.

ನಡುವೆ ಎರಡನೆಯ ಮಹಾಯುದ್ಧ ಬಂತು. ೧೯೪೨ರಲ್ಲಿ ಬರ್ಮಾ ಕೈಬಿಟ್ಟ ಮೇಲೆ ಸೀಮೆಎಣ್ಣೆ ದುರ್ಲಭವಾಯಿತು. ಮನೆಯ ಚಿಮಣಿಗೇ ಎಣ್ಣೆಯಿಲ್ಲದಾಗ ಸೈಕಲ್ಲಿನ ದೀಪಕ್ಕೆ ಎಲ್ಲಿಂದ? ಕಾಗದದ ಚೀಲದೊಳಗೆ ಮೇಣಬತ್ತಿ ಹಚ್ಚಿಕೊಂಡು, ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ಲು ಹಿಡಿದು ಪೇಟೆಯೊಳಗೆ ಬಂದವರ ಕಥೆಯನ್ನು ಹಿರಿಯರು ನಗುತ್ತ ಹೇಳುತ್ತಿದ್ದರು. ದೀಪವಿಲ್ಲದವನು ಸಿಕ್ಕರೆ ಪೋಲೀಸನು ಗಾಲಿಯ ವಾಲ್ವು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದನೆಂಬುದೂ ಆ ಕಥೆಗಳಲ್ಲಿ ಬರುತ್ತದೆ.

ಇಷ್ಟೆಲ್ಲ ಮುಂದಿನ ದೀಪದ ಮಾತಾಯಿತು. ಹಿಂದಿನದರ ಮಾತೇ ಬೇರೆ. ವಾದ ಹುಟ್ಟಿದ್ದು ಅಲ್ಲಿ.

ಮೋಟಾರುಗಳು ಹೆಚ್ಚಿದಂತೆ, ಸೈಕಲ್ಲಿನ ಹಿಂದೆಯೂ ಕೆಂಪು ದೀಪವಿರಬೇಕೆಂದು ಇಂಗ್ಲೆಂಡಿನ ಮೋಟಾರಿನವರು ಒತ್ತಾಯಿಸತೊಡಗಿದರು. ೧೮೭೮ರಲ್ಲಿ ಹುಟ್ಟಿದ ಸೈಕಲ್ ಪ್ರವಾಸಿಗಳ ಸಂಘ ಇದನ್ನು ದಶಕಗಳ ಕಾಲ ವಿರೋಧಿಸಿತು. ದೀಪ ಕೊಳ್ಳುವ ಖರ್ಚಿಗೆ ಹೆದರಿ ವಿರೋಧಿಸಿದರೆಂದು ತಿಳಿಯಬಾರದು. ಅವರ ತರ್ಕ ಹೀಗಿತ್ತು: ಹಿಂದಿನಿಂದ ಬರುವವನು ತನ್ನ ದೀಪದಲ್ಲಿ ಎಷ್ಟು ದೂರ ಕಾಣುತ್ತದೆಯೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಓಡಿಸಬೇಕು. ರಸ್ತೆಯ ಮೇಲೆ ಮಗುವಿರಬಹುದು, ದನವಿರಬಹುದು, ಬಿದ್ದ ಮರವಿರಬಹುದು. ಅವಕ್ಕೆ ಯಾರೂ ಕೆಂಪು ದೀಪ ಕಟ್ಟುವುದಿಲ್ಲ. ಸೈಕಲ್ಲಿಗೆ ಕಟ್ಟಿದರೆ, ಕೆಂಪು ಕಾಣದಿದ್ದರೆ ದಾರಿ ಬರಿದಾಗಿದೆಯೆಂದು ಅವನು ನಂಬುತ್ತಾನೆ. ಅಲ್ಲದೆ ಒಂದು ದಿನ ಆ ದೀಪ ಆರಿದ್ದರೆ, ಸತ್ತವನ ಮೇಲೆಯೇ ತಪ್ಪು ಹೊರಿಸಲು ಅವನಿಗೆ ದಾರಿಯಾಗುತ್ತದೆ.

ಈ ಜಗ್ಗಾಟದಲ್ಲಿ ಸರಕಾರ ನಡುದಾರಿ ಹಿಡಿಯಿತು. ೧೯೨೭ರ ಕಾಯದೆ, ಹಿಂದಿನ ದೀಪವಿಲ್ಲದಿದ್ದರೆ ಕೆಂಪು ಪ್ರತಿಫಲಕವಾದರೂ ಇರಲಿ ಎಂದಿತು. ೧೯೩೪ರ ರಸ್ತೆ ಸಂಚಾರದ ಕಾಯದೆ, ಅದರ ಜೊತೆಗೆ ಹಿಂದೆ ಒಂದು ಬಿಳಿಯ ಮೈಯೂ ಇರಬೇಕೆಂದಿತು. ಮಡ್‌ಗಾರ್ಡಿನ ತುದಿಗೆ ಸುಣ್ಣ ಬಳಿದಂತಿರುವ ನಮ್ಮ ಬಿಳುಪು ಇದೇ! ೧೯೩೯ರಲ್ಲಿ ಯುದ್ಧದ ಕತ್ತಲೆ ಕವಿದು, ಊರಿಗೂರೇ ದೀಪ ಆರಿಸಿ ಕುಳಿತಾಗ, ಹಿಂದಿನ ಕೆಂಪು ದೀಪವನ್ನು ಕಡ್ಡಾಯ ಮಾಡಿದರು. ೧೯೪೫ರಲ್ಲಿ ಅದನ್ನು ಶಾಶ್ವತವಾದ ಕಾಯದೆಯನ್ನಾಗಿಸಿದರು. ಸೈಕಲ್ಲಿನವರು ವಾದದಲ್ಲಿ ಸೋತರು. ಬಿಳಿಯ ಬಣ್ಣ ಮಾತ್ರ ಸಂಧಾನದ ಗುರುತಾಗಿ ಉಳಿಯಿತು.

ಅದೇ ೧೯೩೪ರಲ್ಲಿ ಯಾರ್ಕ್‌ಶೈರಿನ ಪರ್ಸಿ ಶಾ ಎಂಬವನು ರಸ್ತೆಯ ನಡುಗೆರೆಯಲ್ಲಿ ಹುಗಿಯುವ ಗಾಜಿನ ಕಣ್ಣುಗಳಿಗೆ ಹಕ್ಕುಪತ್ರ ಪಡೆದು 'ಬೆಕ್ಕಿನ ಕಣ್ಣು' ಎಂದು ಹೆಸರಿಟ್ಟನು. ನಮ್ಮ ಡ್ರೈವರರು ಎತ್ತಿನ ಮುಖದಲ್ಲಿ ಕಂಡದ್ದನ್ನು ಅವನು ಗಾಜಿನಲ್ಲಿ ಮಾಡಿದನು. ಸೈಕಲ್ಲಿನ ಕೆಂಪು ಬಿಲ್ಲೆಯ ಗುಟ್ಟೂ ಇದೇ ಜಾತಿಯದು. ಅದರೊಳಗೆ ಕೋಣೆಯ ಮೂಲೆಯಂತೆ ಮೂರು ಮೈಗಳು ಕೂಡುವ ನೂರಾರು ಸಣ್ಣ ಗುಳಿಗಳಿವೆ. ಅಲ್ಲಿ ಬಿದ್ದ ಬೆಳಕು ಮೂರು ಸಲ ಪುಟಿದು, ಬಂದ ದಾರಿಯಲ್ಲಿಯೇ ಮರಳಿ ಡ್ರೈವರನ ಕಣ್ಣಿಗೆ ಹೋಗುತ್ತದೆ. ಎಣ್ಣೆ ಬೇಡ, ಬ್ಯಾಟರಿ ಬೇಡ. ಆದರೆ ಎದುರಿನವನು ದೀಪ ಹಾಕದಿದ್ದರೆ ಅದು ಬರಿಯ ಬಿಲ್ಲೆ.

ನಮ್ಮಲ್ಲಿ ಸೈಕಲ್ ಕಾರಖಾನೆಗಳು ಎದ್ದದ್ದು ಬಹುಮಟ್ಟಿಗೆ ಸ್ವಾತಂತ್ರ್ಯದ ತರುವಾಯ. ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಆಸನಸೋಲಿನಲ್ಲಿ ಸೇನ್-ರ್ಯಾಲಿ, ಸೋನೆಪತ್ತಿನಲ್ಲಿ ೧೯೫೧ರಿಂದ ಅಟ್ಲಾಸ್, ಲುಧಿಯಾನದಲ್ಲಿ ೧೯೫೬ರಿಂದ ಹೀರೋ. ಮೊದಲಿನ ಎರಡಂತೂ ಇಂಗ್ಲೆಂಡಿನ ಕಂಪನಿಗಳ ಜೊತೆಗಾರಿಕೆಯಿಂದಲೇ ಹುಟ್ಟಿದವು. ಉಳಿದವರೂ ಅದೇ ಅಚ್ಚನ್ನು ಹಿಡಿದರು. ಅಚ್ಚಿನೊಂದಿಗೆ ಬಿಳಿಯ ಬಣ್ಣವೂ ಬಂತು. ಇಂಗ್ಲೆಂಡಿನ ಕಾಯದೆ ಇಂಗ್ಲೆಂಡಿನಲ್ಲಿ ಉಳಿಯಿತು. ಅದರ ಗುರುತು ಹಿರೇಕೆರೂರಿನಿಂದ ಮಾಸೂರಿಗೆ ಹೋಗುವ ಅಜ್ಜನ ಹಿಂದೆ ಓಡಿತು. ಏಕೆಂದು ಹಚ್ಚಿದವರಿಗೂ ತಿಳಿಯದು, ಕೊಂಡವರಿಗೂ ತಿಳಿಯದು. ಭಾಷೆಯಲ್ಲಿ ಅರ್ಥ ಕಳೆದುಕೊಂಡು ಉಳಿದ ಪ್ರತ್ಯಯಗಳಿರುತ್ತವಲ್ಲ, ಹಾಗೆ.

ಮುಂದೆ ನಮ್ಮ ರಸ್ತೆಗಳಲ್ಲಿ ಒಂದು ವಿಚಿತ್ರ ನಡೆಯಿತು. ಮೋಟಾರುಗಳು ವಿರಳವಾಗಿದ್ದಾಗ ಸೈಕಲ್ಲಿಗೆ ದೀಪವಿತ್ತು; ಅವು ದಟ್ಟವಾದಾಗ ದೀಪ ಹೋಯಿತು. ಸಂಬಳದವರು ಸೈಕಲ್ಲಿನಿಂದ ಇಳಿದು ಮೋಟಾರ್ ಸೈಕಲ್ಲು ಏರಿದರು. ದೀಪವನ್ನು ತೊಳೆದು ಒರಸಿ ಸಾಕುತ್ತಿದ್ದವರು ಅವರೇ. ಪೋಲೀಸರ ಕಣ್ಣು ಲೈಸನ್ಸು, ಹೆಲ್ಮೆಟ್ಟುಗಳ ಕಡೆ ತಿರುಗಿತು. ಸೈಕಲ್ಲು ಉಳಿದದ್ದು ಶಾಲೆಯ ಮಕ್ಕಳಿಗೆ ಮತ್ತು ಕೂಲಿಯವರಿಗೆ. ೨೦೦೬-೦೭ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳಿಗೆ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಸ್ಸಿಲ್ಲವೆಂದು ಓದು ಬಿಡುತ್ತಿದ್ದವರು ಹತ್ತನೆಯದನ್ನು ಮುಗಿಸಿದರು. ೨೦೨೦ರ ಸಾಂಕ್ರಾಮಿಕದ ವರ್ಷ ಆ ವಿತರಣೆ ನಿಂತಿತು. ನಾನು ಮುಂದೆ ನಿಂತು ಹಂಚಿದ ಸೈಕಲ್ಲುಗಳಿಗೆ ಗಂಟೆಯಿತ್ತು, ಬುಟ್ಟಿಯಿತ್ತು, ದೀಪವಿರಲಿಲ್ಲ. ಆಗ ನನಗೂ ಅದು ಹೊಳೆಯಲಿಲ್ಲ. ಅಷ್ಟರಲ್ಲಿ ಶಿಗ್ಗಾಂವಿಯ ಹೆದ್ದಾರಿ ನಾಲ್ಕು ಸಾಲಿನದಾಗಿ ಅಗಲವಾಯಿತು.

ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ಹಾನಗಲ್ಲ ತಾಲ್ಲೂಕಿನ ಒಂದು ರಸ್ತೆಯಲ್ಲಿ, ಗದ್ದೆಯಿಂದ ಮನೆಗೆ ಬರುವಾಗ, ಹೊತ್ತು ಮುಳುಗಿದ ಮೇಲೆ, ಹಿಂದಿನಿಂದ ಬಂದ ವಾಹನಕ್ಕೆ ಸಿಕ್ಕಿದರು. ಜೀವ ಉಳಿಯಿತು, ಕಾಲು ಮೊದಲಿನಂತಾಗಲಿಲ್ಲ. ಆಸ್ಪತ್ರೆಯಲ್ಲಿ ನಾನು ಅವರ ಹಾಸಿಗೆಯ ಪಕ್ಕದಲ್ಲಿದ್ದಾಗ ಹೇಳಿಕೆ ಬರೆದುಕೊಳ್ಳಲು ಬಂದವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಸೈಕಲ್ಲಿಗೆ ಲೈಟ್ ಇತ್ತೇನು?" ಪರಿಹಾರದ ದಾವೆಯಲ್ಲಿಯೂ ಎದುರಿನ ವಕೀಲರು ಅದನ್ನೇ ಹಿಡಿದು, ಇದರಲ್ಲಿ ಸವಾರನ ನಿರ್ಲಕ್ಷ್ಯವೂ ಸೇರಿದೆಯೆಂದು ವಾದಿಸಿದರು. ಹಿಂದಿನಿಂದ ಬಂದವನು ಎಷ್ಟು ವೇಗದಲ್ಲಿದ್ದನು, ಅವನ ದೀಪದಲ್ಲಿ ಎಷ್ಟು ದೂರ ಕಾಣುತ್ತಿತ್ತು ಎಂಬ ಮಾತು ಬಹಳ ತಡವಾಗಿ ಬಂತು. ಇಂಗ್ಲೆಂಡಿನ ಸೈಕಲ್ಲಿನವರು ಯಾವ ಮಾತಿಗೆ ಹೆದರಿದ್ದರೋ ಅದೇ ಮಾತು!

ಲೆಕ್ಕ ಹಾಕಿ ನೋಡಬಹುದು. ತಾಸಿಗೆ ಅರವತ್ತು ಕಿಲೋಮೀಟರು ಎಂದರೆ ಸೆಕೆಂಡಿಗೆ ಹದಿನಾರು ಮೀಟರಿಗೂ ಮೇಲೆ. ಡ್ರೈವರನ ಮನಸ್ಸು ಎಚ್ಚತ್ತು ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ ಇಪ್ಪತ್ತೈದು ಮೀಟರು ಅಲ್ಲಿಯೇ ಹೋಯಿತು; ಒಣಗಿದ ರಸ್ತೆಯಲ್ಲಿ ವಾಹನ ನಿಲ್ಲಲು ಮತ್ತೆ ಇಪ್ಪತ್ತು. ತಗ್ಗಿಸಿದ ದೀಪದಲ್ಲಿ ಕಪ್ಪು ಕಂಬಳಿಯ ಮನುಷ್ಯ ಕಾಣಿಸುವುದು ಎಷ್ಟೋ ಸಲ ಆ ನಲವತ್ತೈದು ಮೀಟರಿನ ಒಳಗೆ.

ಆದ್ದರಿಂದ ತರ್ಕ ಸೈಕಲ್ಲಿನವರ ಕಡೆಗಿದ್ದರೂ, ನನ್ನ ಹುಡುಗರಿಗೆ ನಾನು ಹಿಂದೆ ಏನನ್ನಾದರೂ ಕಟ್ಟಿಕೊಳ್ಳಿರೆಂದೇ ಹೇಳುತ್ತೇನೆ. ಕೇಂದ್ರ ಸರಕಾರವೂ ೨೦೨೦ರಲ್ಲಿ, ಮಾರುವ ಸೈಕಲ್ಲುಗಳ ಪ್ರತಿಫಲಕಗಳು ಗೊತ್ತಾದ ಗುಣಮಟ್ಟದವೇ ಆಗಿರಬೇಕೆಂದು ಆದೇಶ ಹೊರಡಿಸಿತು. ಅದು ಜಾರಿಗೆ ಬರುವ ದಿನ ಕೆಲವು ಸಲ ಮುಂದಕ್ಕೆ ಹೋಯಿತು. ಒಳ್ಳೆಯ ಆದೇಶ. ಆದರೆ ಅದನ್ನು ಬರೆದವರು ಸವಣೂರಿನ ಎಲೆಬಳ್ಳಿಯ ತೋಟದಿಂದ ಬೆಳಗಿನ ಜಾವ ಹೊರಟ ಸೈಕಲ್ಲನ್ನು ಹಿಂದಿನಿಂದ ನೋಡಿದ್ದರೆ ಚೆನ್ನಾಗಿತ್ತು. ಕ್ಯಾರಿಯರಿನ ಮೇಲೆ ಹಸಿಬಟ್ಟೆ ಸುತ್ತಿದ ವೀಳ್ಯದೆಲೆಯ ಪೆಂಡಿ; ಎರಡೂ ಬದಿಗೆ ಇಳಿಬಿದ್ದ ಚೀಲ. ಕೆಂಪು ಬಿಲ್ಲೆ ಕಾಣದು, ಬಿಳಿಯ ಬಣ್ಣವೂ ಕಾಣದು. ಹಾಲಿನ ಕ್ಯಾನಿನವನದೂ, ಹುಲ್ಲಿನ ಹೊರೆಯವನದೂ ಇದೇ ಪಾಡು. ಸೈಕಲ್ಲನ್ನು ಹೊಟ್ಟೆಪಾಡಿಗೆ ತುಳಿಯುವವನ ಹೊರೆಯೇ ಅವನ ಗುರುತನ್ನು ಮುಚ್ಚುತ್ತದೆ.

ಮುಚ್ಚದೆ ಉಳಿಯುವುದು ಕಾಲು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಸಂಶೋಧಕರು ರಾತ್ರಿಯ ರಸ್ತೆಯಲ್ಲಿ ಪ್ರಯೋಗ ಮಾಡಿ, ಮೊಣಕಾಲಿಗೂ ಕಾಲಗಂಟಿಗೂ ಪ್ರತಿಫಲಿಸುವ ಪಟ್ಟಿ ಕಟ್ಟಿದ ಸವಾರನನ್ನು ಡ್ರೈವರರು ಹೆಚ್ಚು ದೂರದಿಂದ ಗುರುತಿಸುತ್ತಾರೆಂದು ಕಂಡಿದ್ದಾರೆ. ಸುಮ್ಮನೆ ಹೊಳೆಯುವ ಚುಕ್ಕೆ ಏನೆಂದು ತಿಳಿಯಲು ಹೊತ್ತು ಬೇಕು. ಮೇಲೆ ಕೆಳಗೆ ಆಡುವ ಎರಡು ಚುಕ್ಕೆಗಳು ಮನುಷ್ಯನೆಂದು ಕಣ್ಣು ಒಡನೆಯೇ ಹೇಳುತ್ತದೆ. ಸವಾರರು ತಾವು ಕಾಣುತ್ತೇವೆಂದು ತಿಳಿದುಕೊಳ್ಳುವುದು ನಿಜವಾಗಿ ಕಾಣುವುದಕ್ಕಿಂತ ಹೆಚ್ಚು ಎಂಬುದನ್ನೂ ಅವರು ತೋರಿಸಿದ್ದಾರೆ. ಇದು ನನಗೆ ಹೊಸದಾಗಿ ತೋರಲಿಲ್ಲ. ಕತ್ತಲೆಯಲ್ಲಿ ನಮಗೆ ಮೋಟಾರಿನ ದೀಪ ಕಾಣುತ್ತದೆ. ನಾವೂ ಅದಕ್ಕೆ ಕಾಣುತ್ತೇವೆಂದು ಬಗೆಯುತ್ತೇವೆ.

ಮೊನ್ನೆ ಆ ಹುಡುಗನನ್ನು ಕರೆದುಕೊಂಡು ಸೈಕಲ್ ರಿಪೇರಿಯ ಅಂಗಡಿಗೆ ಹೋಗಿ, ಅಜ್ಜನ ಸೈಕಲ್ಲಿಗೆ ಮಾಸಿದ ಬಿಳುಪನ್ನು ಮತ್ತೆ ಬಳಿಸಿದೆ. ಉಳಿದ ಹುಡುಗರ ಸೈಕಲ್ಲುಗಳಿಗೂ ಬಳಿದುಕೊಡುವೆಯಾ ಎಂದು ಅಂಗಡಿಯವನನ್ನು ಕೇಳಿದೆ. "ಈಗಿನ ಮಡಗಾರ್ಡ ಪ್ಲಾಸ್ಟಿಕ್ಕಿನವು ಮಾಸ್ತರ, ಬಣ್ಣ ನಿಲ್ಲಂಗಿಲ್ಲ. ಪೆಡಲ್ಲಿಗೆ ಪಟ್ಟಿ ಹಚ್ಚಿಕೊಡ್ತೀನಿ ತಗೋರಿ" ಎಂದನು. ಕ್ವೀನ್ಸ್‌ಲೆಂಡಿನ ಸಂಗತಿಯನ್ನು ನಾನು ಅವನಿಗೆ ಹೇಳಿರಲಿಲ್ಲ. ಹದಿನೇಳು ಸೈಕಲ್ಲಿಗೆ ಹಚ್ಚಿ ಮುಗಿಸುವುದರೊಳಗೆ ಪಟ್ಟಿಯ ಸುರುಳಿ ತೀರಿತು. ಹುಬ್ಬಳ್ಳಿಯಿಂದ ಇನ್ನೊಂದು ತರಿಸಲು ಹೇಳಿ ಬಂದಿದ್ದೇನೆ.